ಅರ್ಧಕ್ಕೆ ಇಳಿಸಿದ ನೀರು

ನನ್ನ ದೊಡ್ಡಮ್ಮ ಜಗದಾಂಬಾ ಯಾರ ಮನೆಗೆ ಹೋದರೂ ಮೊದಲು ನೀರು ಕೇಳುತ್ತಿದ್ದಳು. ಬಾಯಾರಿಕೆಗಲ್ಲ. ಒಂದು ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿ, ನಿಧಾನವಾಗಿ ನುಂಗಿ, ಆಮೇಲೆ ತೀರ್ಪು ಹೇಳುತ್ತಿದ್ದಳು. ಸವಳಂಗ ರಸ್ತೆಯ ನೆಂಟರ ಮನೆಯ ನೀರು ಸಪ್ಪೆ. ಭದ್ರಾವತಿಯ ಬೀಗರ ಮನೆಯ ನಲ್ಲಿಗೆ ಬ್ಲೀಚಿಂಗ್ ಪುಡಿಯ ವಾಸನೆ. ತವರಿನ ನೀರು ಸವಳು, ಅದರಲ್ಲಿ ಬೇಳೆ ಬೇಯುವುದಿಲ್ಲ. ಸುತ್ತಿ ಸುತ್ತಿ ಕೊನೆಗೆ ಶಿವಮೊಗ್ಗದ ರವೀಂದ್ರನಗರದ ತನ್ನ ಹಿತ್ತಲಿನ ಬಾವಿಗೆ ಬಂದು ನಿಲ್ಲುತ್ತಿದ್ದಳು.

"ನಮ್ದು ಎಳನೀರು ಕಣೆ. ಸಕ್ಕರೆ ಇಲ್ದೆ ಕಾಫಿ ಕುಡೀಬಹುದು."

ಅವಳು ಹುಟ್ಟಿದ್ದು ಚನ್ನಗಿರಿ ಕಡೆಯ ಒಂದು ಬಯಲಿನ ಊರಿನಲ್ಲಿ. ಅಲ್ಲಿ ಹೆಣ್ಣುಮಕ್ಕಳು ಅಕ್ಷರಕ್ಕಿಂತ ಮೊದಲು ಕೊಡ ಹೊರುವುದನ್ನು ಕಲಿಯುತ್ತಿದ್ದರು. ಮದುವೆಗೆ ಮುಂಚೆ ಗಂಡಿನ ಮನೆ ನೋಡಲು ಹೋದ ಅವಳ ಅಪ್ಪ ವಾಪಸು ಬಂದು, ಹುಡುಗನ ವಿಷಯ ಒಂದು ಮಾತೂ ಆಡದೆ, 'ಹಿತ್ತಲಲ್ಲೇ ಬಾವಿ ಇದೆ ಮಗಳೇ' ಎಂದನಂತೆ. ಅಷ್ಟು ಸಾಕಾಯಿತು, ಒಪ್ಪಿಕೊಂಡೆ, ಎಂದು ದೊಡ್ಡಮ್ಮ ಎಲ್ಲರೆದುರಿಗೂ ಹೇಳುತ್ತಿದ್ದಳು.

ದೊಡ್ಡಪ್ಪ ಶಿವಮೂರ್ತಪ್ಪನಿಗೆ ಸವಳಂಗ ರಸ್ತೆಯಲ್ಲಿ ಹಿಂಡಿ, ಬೂಸಾದ ಅಂಗಡಿ. ಅವನು ಪೇಪರಿನಿಂದ ತಲೆ ಎತ್ತದೆಯೇ ಉತ್ತರಿಸುತ್ತಿದ್ದ. "ಹಾಗಾದ್ರೆ ಬಾವಿ ರಾಟೆ ಕೈಲೇ ತಾಳಿ ಕಟ್ಟಿಸ್ಕೋಬೇಕಿತ್ತು ಮಾರಾಯ್ತಿ. ನನ್ನನ್ಯಾಕೆ ಮಣೆ ಮೇಲೆ ಕೂರಿಸಿದ್ರಿ?"

"ಅದೂ ಕಿರುಗುಟ್ಟುತ್ತೆ, ನೀವೂ ಕಿರುಗುಟ್ತೀರ. ಗಡಿಬಿಡೀಲಿ ವ್ಯತ್ಯಾಸ ಗೊತ್ತಾಗ್ಲಿಲ್ಲ."

ನಾನು ಕಾಲೇಜಿಗೆ ಸೇರಿದಾಗ ಆ ಮನೆಗೆ ಬಂದೆ. ದೊಡ್ಡಮ್ಮನ ಮನೆಯಲ್ಲಿ ಊಟ, ಅವಳ ಮಗಳು ಭವಾನಕ್ಕನ ಕಾಲೇಜಿನಲ್ಲಿ ಪಾಠ. ಅಕ್ಕ ಗಂಡ ರುದ್ರೇಶ್ ಭಾವನ ಜೊತೆ ಭದ್ರಾವತಿಯ ನ್ಯೂಟೌನಿನಲ್ಲಿದ್ದಳು. ಅಲ್ಲೇ ಹತ್ತಿರದ ಒಂದು ಡಿಗ್ರಿ ಕಾಲೇಜಿನಲ್ಲಿ ಭೂಗೋಳದ ಅತಿಥಿ ಉಪನ್ಯಾಸಕಿ. ನಾನು ದಿನಾ ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೆಳಿಗ್ಗೆ ಎದ್ದಾಗ ಮೊದಲು ಕೇಳುತ್ತಿದ್ದುದು ರಾಟೆಯ ಸದ್ದು. ಮೋಟಾರು ಇದ್ದರೂ ದೇವರಿಗೆ ಮತ್ತು ಕುಡಿಯಲು ದೊಡ್ಡಮ್ಮ ಕೈಯಲ್ಲೇ ಸೇದುತ್ತಿದ್ದಳು. ಮೊದಲ ಕೊಡ ಕಟ್ಟೆಯ ಮೇಲೆ ಬಂದು ಕೂತಾಗ ಅದರ ಬಾಯಲ್ಲಿ ಒಂದು ಚೂರು ಆಕಾಶ ಅಲುಗುತ್ತಿತ್ತು. ಅದು ನಿಶ್ಚಲವಾಗುವವರೆಗೆ ಕಾದು, ಆಮೇಲೆ ಎತ್ತಿಕೊಳ್ಳುತ್ತಿದ್ದಳು.

ಬೀದಿಯವರಿಗೆ ಅವಳು ಬಾಣಂತನದ ಜಗದಕ್ಕ. ತವರಿಲ್ಲದವರು, ತವರು ದೂರವಿದ್ದವರು, ಅತ್ತೆಯ ಜೊತೆ ಮಾತು ಬಿಟ್ಟವರು, ಎಲ್ಲರಿಗೂ ಎಣ್ಣೆ ತಿಕ್ಕಿ ನೀರೆರೆದವಳು ಅವಳೇ. ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಚೊಂಬಿನಿಂದ ನೀರು ಹೊಯ್ಯುತ್ತ, ಅದರ ಜೊತೆ ಜಗಳವಾಡುತ್ತಿದ್ದಳಂತೆ. 'ಏನೋ ಸಾಹುಕಾರ, ನಿಮ್ಮಪ್ಪನ ಹಾಗೆ ಮುಖ ಗಂಟು ಹಾಕ್ಬೇಡ.' ಬಾಣಂತನದಲ್ಲಿ ಅವಳು ಒಂದು ವಿಷಯಕ್ಕೆ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಮಗುವಿನ ಬಾಯಿಗೆ ಹೋಗುವ ನೀರು ತನ್ನ ಬಾವಿಯದ್ದೇ ಆಗಬೇಕು. ತಪ್ಪಲೆಯಲ್ಲಿ ಕುದ್ದು ಅರ್ಧಕ್ಕೆ ಇಳಿಯಬೇಕು. ಕುದಿ ಬಂತೆಂದು ಇಳಿಸುವವರನ್ನು ಕಂಡರೆ ಅವಳಿಗೆ ತಾತ್ಸಾರ.

"ಕುದಿಸೋದು ಬೇರೆ, ಇಳಿಸೋದು ಬೇರೆ. ಕಷಾಯ ಹೇಗೆ ಮಾಡ್ತೀರ? ಹಾಗೆ. ಅರ್ಧ ಹೋಗ್ಬೇಕು, ಉಳಿದ ಅರ್ಧ ಮದ್ದು."

ಅವಳ ಅತ್ತೆ ಹಾಗೆ ಮಾಡುತ್ತಿದ್ದಳು. ಅತ್ತೆಗೆ ಅವಳ ಅತ್ತೆ ಹೇಳಿಕೊಟ್ಟದ್ದು. ಆ ಮನೆಯ ಹೆಂಗಸರ ಅಕ್ಕರೆಯೆಲ್ಲ ಆ ತಪ್ಪಲೆಯ ಒಳಗೋಡೆಯಲ್ಲಿ, ನೀರು ಎಲ್ಲಿಂದ ಎಲ್ಲಿಗೆ ಇಳಿಯಿತು ಎಂದು ತೋರಿಸುವ ಬಿಳಿಯ ಗೆರೆಯಾಗಿ ಕೂತಿತ್ತು.

ಭವಾನಕ್ಕನ ಮಗಳು ಭೂಮಿಕಾ ಹುಟ್ಟಿದ್ದು ನಾನು ಇನ್ನೂ ಹೈಸ್ಕೂಲಿನಲ್ಲಿದ್ದಾಗ, ಒಂದು ಕೆಟ್ಟ ಬೇಸಿಗೆಯ ಮುಂಚೆ. ಬಾಣಂತನ ರವೀಂದ್ರನಗರದಲ್ಲೇ ಆಯಿತು. ಶಾಸ್ತ್ರದಂತೆ ಅಕ್ಕ ಬಾವಿಯ ಕಟ್ಟೆಗೆ ಅರಿಸಿನ ಕುಂಕುಮ ಹಚ್ಚಿ ಗಂಗೆ ಪೂಜೆ ಮಾಡಿ, ಒಂದು ಪುಟ್ಟ ಕೊಡ ನೀರು ಸೇದಿ ಹೊಸಿಲು ದಾಟಿ ಒಳಗೆ ತಂದಳು. ಆ ದಿನದ ಫೋಟೋ ಒಂದಿದೆ. ಅದರಲ್ಲಿ ದೊಡ್ಡಮ್ಮ ಮಗುವನ್ನು ಎತ್ತಿಕೊಂಡು ಬಾವಿಯೊಳಕ್ಕೆ ತೋರಿಸುತ್ತಿದ್ದಾಳೆ, ನೆಂಟರನ್ನು ಪರಿಚಯಿಸುವ ಹಾಗೆ.

ಅಕ್ಕ ಭದ್ರಾವತಿಗೆ ಹೊರಟಾಗ ದೊಡ್ಡಮ್ಮನಿಗೆ ನೀರಿನದ್ದೇ ಚಿಂತೆ. ಭದ್ರಾವತಿಯಲ್ಲಿ ಕಾರ್ಖಾನೆಗಳ ಹೊಗೆ ಎಂದೋ ಕಡಿಮೆಯಾಗಿದ್ದರೂ, ನಮ್ಮ ಕಡೆಯ ಹೆಂಗಸರ ಬಾಯಲ್ಲಿ ಅದು ಇನ್ನೂ ಕಾರ್ಖಾನೆ ನೀರು. 'ಮಗೂಗೆ ಆ ನೀರು ಮುಟ್ಟಿಸ್ಬೇಡ' ಎಂದು ಅವಳು ಮಗಳಿಂದ ಮಾತು ತೆಗೆದುಕೊಂಡಳು. ಅಕ್ಕನಿಗೆ ಜ್ವರ ಬಂದು ಎದೆಹಾಲು ಬತ್ತಿದಾಗ, ವೈದ್ಯರು ಹಾಲಿನ ಪುಡಿ ಬರೆದುಕೊಟ್ಟಾಗ, ಆ ಮಾತಿಗೆ ಇನ್ನೂ ತೂಕ ಬಂತು. ದೊಡ್ಡಮ್ಮ ಬೆಳಿಗ್ಗೆಯೇ ನೀರು ಸೇದಿ, ಅರ್ಧಕ್ಕೆ ಇಳಿಸಿ, ಆರಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ ಸ್ಟೀಲಿನ ಕ್ಯಾನಿಗೆ ತುಂಬುತ್ತಿದ್ದಳು. ದೊಡ್ಡಪ್ಪ ಅಂಗಡಿ ತೆರೆಯುವ ಮೊದಲು ಅದನ್ನು ಸ್ಕೂಟರಿನಲ್ಲಿಟ್ಟುಕೊಂಡು ಭದ್ರಾವತಿಗೆ ಹೋಗಿ ಬರುತ್ತಿದ್ದ. ನ್ಯೂಟೌನಿನ ನೆರೆಯವರು ನಗುತ್ತಿದ್ದರಂತೆ, 'ಏನ್ ಸಾರ್, ಊರಲ್ಲಿ ನದಿ ಇಟ್ಕೊಂಡು ಶಿವಮೊಗ್ಗದಿಂದ ಗಂಗೆ ತರ್ತೀರಲ್ಲ' ಎಂದು. ಅವನು ಹೆಮ್ಮೆಯಿಂದ ಹೌದು ಎನ್ನುತ್ತಿದ್ದ.

ಆ ಬೇಸಿಗೆ ನಲ್ಲಿಯಲ್ಲಿ ನೀರು ಬರುವ ದಿನಗಳು ದೂರ ದೂರವಾದವು. ಬೀದಿಯೆಲ್ಲ ಬಾವಿಗೆ ಬಂತು. ನೀರು ತಳಕ್ಕೆ ಇಳಿದು, ಕೊಡ ಕಲ್ಲಿಗೆ ತಾಕಿ ಸದ್ದಾಗತೊಡಗಿತು. ದೊಡ್ಡಮ್ಮ ಯಾರನ್ನೂ ಬೇಡವೆನ್ನಲಿಲ್ಲ. ಆದರೆ ಮೊದಲ ಕೊಡ ಭೂಮಿಕಾಳದ್ದು, ಆಮೇಲೆ ಉಳಿದವರು.

ಮಗುವಿನ ತುಟಿ ಸ್ವಲ್ಪ ಕಪ್ಪಾಗಿದೆ ಎಂದು ಮೊದಲು ಕಂಡವಳು ಅಕ್ಕ. ಅಕ್ಕನ ಅತ್ತೆ, ನೇರಳೆ ಹಣ್ಣು ತಿಂದವಳ ಹಾಗೆ ಇದ್ದಾಳೆ ಎಂದು ಮುದ್ದು ಮಾಡಿದರು. ಆಮೇಲೆ ಉಗುರು. ಆಮೇಲೆ ಅಳುವುದಕ್ಕೂ ಶಕ್ತಿಯಿಲ್ಲದ ಒಂದು ಮಂಕು. ವೈದ್ಯರು ಹೃದಯದ ತೊಂದರೆ ಇರಬಹುದು, ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ದಾರಿಯಲ್ಲಿ ಮಗು ಅಕ್ಕನ ಮಡಿಲಲ್ಲೇ ಹೋಯಿತು.

ಇರಬಹುದು ಎಂಬ ಮಾತು ಮಾತ್ರ ಮನೆಯಲ್ಲಿ ಉಳಿಯಿತು. ಆ ಮಾತಿನ ಪಕ್ಕದಲ್ಲಿ ದೊಡ್ಡಮ್ಮ ತನ್ನದೊಂದು ಮಾತನ್ನು ಇಟ್ಟುಕೊಂಡಳು. ಯಾರು ಮಾತಾಡಿಸಲು ಬಂದರೂ, ವರ್ಷಗಳು ಕಳೆದ ಮೇಲೂ, ಅದನ್ನೇ ಹೇಳುತ್ತಿದ್ದಳು. "ದೇವರು ಕೊಟ್ಟ, ದೇವರು ಕಿತ್ಕೊಂಡ. ನಾನು ಮಾತ್ರ ಏನೂ ಕಮ್ಮಿ ಮಾಡ್ಲಿಲ್ಲ. ಒಂದು ಹನಿ ಹೊರಗಿನ ನೀರು ಕುಡಿಸ್ಲಿಲ್ಲ." ಅದನ್ನು ಹೇಳುವಾಗ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಅವಳನ್ನು ನಿಲ್ಲಿಸಿದ್ದ ಕಂಬ ಅದೊಂದೇ.

ಅಕ್ಕ ಮತ್ತೆ ಓದಿದಳು. ಎಂ.ಎ. ಮುಗಿಸಿ ಪಾಠ ಮಾಡತೊಡಗಿದಳು. ಮತ್ತೆ ಮಗುವಾಗಲಿಲ್ಲ.

ನಾನು ಎರಡನೆಯ ವರ್ಷದಲ್ಲಿದ್ದಾಗ ಅವಳು ನಮಗೆ ಒಂದು ಕೆಲಸ ಕೊಟ್ಟಳು. ಸರ್ಕಾರ ಅಲ್ಲಲ್ಲಿ ಕೆಲವು ಬಾವಿ, ಬೋರ್‌ವೆಲ್‌ಗಳ ನೀರನ್ನು ಪರೀಕ್ಷಿಸಿ ಅದರ ಅಂಕಿಗಳನ್ನು ಜಾಲತಾಣದಲ್ಲಿ ಹಾಕುತ್ತದೆ. ಯಾರು ಬೇಕಾದರೂ ನೋಡಬಹುದು. ಪ್ರತಿಯೊಬ್ಬರೂ ತಮ್ಮ ಮನೆಗೆ ಅತಿ ಹತ್ತಿರದ ಬಾವಿಯನ್ನು ಹುಡುಕಿ, ನೀರಿನ ಮಟ್ಟ ಹೇಗೆ ಇಳಿದಿದೆ, ಗುಣ ಹೇಗೆ ಬದಲಾಗಿದೆ ಎಂದು ಬರೆಯಬೇಕು. ಕಂಪ್ಯೂಟರ್ ಲ್ಯಾಬಿನ ಫ್ಯಾನ್ ಕೆಟ್ಟಿತ್ತು. ಒಂದೊಂದು ಪರದೆಗೆ ಮೂರು ಜನ ಮುತ್ತಿಕೊಂಡಿದ್ದೆವು.

ಭದ್ರಾವತಿಯ ಹಳೇನಗರದ ದುಷ್ಯಂತ್ ಎದ್ದು ನಿಂತ. "ಮೇಡಂ, ನಮ್ಮ ಬೋರ್ ಎಲ್ಲಾ ಮಿತಿಯೊಳಗೇ ಇದೆ ಮೇಡಂ."

"ಅದಕ್ಕೆ ಯಾಕೋ ಅಷ್ಟು ಬೇಜಾರು?"

"ಅಲ್ಲ ಮೇಡಂ, ನಮ್ಮಜ್ಜಿ ಮೊಣಕಾಲು ನೋವಿಗೂ ಫ್ಯಾಕ್ಟರಿ ನೀರೇ ಕಾರಣ ಅಂತ ನಂಬಿದ್ದಾರೆ. ಈಗ ಮನೇಲಿ ಹೇಗೆ ಮುಖ ತೋರಿಸ್ಲಿ?"

ತರಗತಿ ನಕ್ಕಿತು, ಅಕ್ಕನೂ ನಕ್ಕಳು. ನಗುತ್ತಲೇ ಅವನ ಹಾಳೆ ನೋಡಿ ತಿದ್ದಿದಳು. "ಇಲ್ಲಿ ಖಾಲಿ ಇರೋ ಕಡೆಯೆಲ್ಲ ಸೊನ್ನೆ ಹಾಕಿದ್ದೀಯಲ್ಲ. ಖಾಲಿ ಅಂದ್ರೆ ಸೊನ್ನೆ ಅಲ್ಲ ಕಣೋ. ಆ ವರ್ಷ ಅಲ್ಲಿಗೆ ಯಾರೂ ಹೋಗಿ ನೋಡಿಲ್ಲ ಅಂತ." ಇನ್ನೊಬ್ಬಳು ತಾಲ್ಲೂಕಿನ ಸರಾಸರಿ ಬರೆದಿದ್ದಳು. "ಸರಾಸರಿಯನ್ನ ಯಾರೂ ಕುಡಿಯಲ್ಲಮ್ಮ. ನಿನ್ನ ಬೀದಿ ಹುಡುಕು."

ನಾನು ನನ್ನ ಬೀದಿ ಹುಡುಕಿದೆ. ದೊಡ್ಡಮ್ಮನ ಮನೆಯಿಂದ ಎರಡು ಬೀದಿ ಆಚೆ, ಒಂದು ಮೈದಾನದ ಮೂಲೆಯಲ್ಲಿ ಅಂಥದ್ದೊಂದು ಬಾವಿ ಇತ್ತು. ಅದರ ಸಾಲಿನಲ್ಲಿ ನೈಟ್ರೇಟ್ ಎಂಬ ಅಂಕಣದ ಅಂಕಿ ಮಿತಿಗಿಂತ ಬಹಳ ಮೇಲಿತ್ತು. ಸಿಕ್ಕಿತು ಎಂಬ ಖುಷಿಯಲ್ಲಿ ಅಕ್ಕನನ್ನು ಕರೆದೆ.

ಅಕ್ಕ ಬಂದು ನನ್ನ ಹೆಗಲ ಮೇಲಿಂದ ಬಾಗಿ ನೋಡಿದಳು. "ಹಿಂದಿನ ವರ್ಷಕ್ಕೆ ಹೋಗು" ಎಂದಳು. ಹೋದೆ. "ಇನ್ನೂ ಹಿಂದೆ." ಅಂಕಿಗಳು ಹಾಗೇ ಇದ್ದವು, ಬೇಸಿಗೆಯಲ್ಲಿ ನೀರು ಇಳಿದಾಗ ಇನ್ನಷ್ಟು ಏರುತ್ತಿದ್ದವು. "ಇನ್ನೂ ಹಿಂದೆ" ಎಂದಳು. ಅವಳು ಯಾವ ವರ್ಷಕ್ಕೆ ಹೋಗುತ್ತಿದ್ದಾಳೆ ಎಂದು ನನಗೆ ತಿಳಿದದ್ದು ಅಲ್ಲಿಗೆ ತಲುಪಿದ ಮೇಲೆ. ಆ ವರ್ಷ ಖಾಲಿ ಇರಲಿ ಎಂದು ನಾನು ಒಂದು ಕ್ಷಣ ಬೇಡಿಕೊಂಡೆ. ಖಾಲಿ ಇರಲಿಲ್ಲ.

ನಮ್ಮ ಮೇಜಿನ ಮೇಲೆ ಅಕ್ಕನೇ ಹಂಚಿದ್ದ ಟಿಪ್ಪಣಿ ಇತ್ತು. ನೈಟ್ರೇಟ್: ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ತಿಪ್ಪೆ, ಪಾಯಿಖಾನೆಯ ಗುಂಡಿ, ಗೊಬ್ಬರದಿಂದ ನೆಲದೊಳಕ್ಕೆ ಇಳಿಯುತ್ತದೆ. ಆರು ತಿಂಗಳೊಳಗಿನ ಶಿಶುಗಳಿಗೆ ಅಪಾಯ. ರಕ್ತ ಆಮ್ಲಜನಕವನ್ನು ಹೊರಲಾರದು. ತುಟಿ ಮತ್ತು ಉಗುರು ನೀಲಿಯಾಗುತ್ತವೆ. ಅವಳು ಅದನ್ನು ಪಾಠಕ್ಕೆಂದು ಬರೆದಿದ್ದಳು, ಕಳೆದ ವರ್ಷವೂ ಹೇಳಿಕೊಟ್ಟಿದ್ದಳು. ಅದು ಎಲ್ಲೋ ಬೇರೆ ಊರಿನ ಬೇರೆ ಬಾವಿಗಳ ವಿಷಯವಾಗಿತ್ತು. ನಮ್ಮದು ಎಳನೀರು.

"ಸಾಕು, ಮುಚ್ಚು" ಎಂದು ಅಕ್ಕ ಮುಂದಿನ ಪರದೆಗೆ ಹೋದಳು. ಗಂಟೆ ಹೊಡೆಯುವವರೆಗೂ ಪಾಠ ಮಾಡಿದಳು.

ಮರುದಿನ ಅವಳು ಹೇಳಿದಂತೆ ನಾನು ಬಾಟಲಿ ಹಿಡಿದು ಬಾವಿಕಟ್ಟೆಗೆ ಹೋದೆ. ಕಾಲೇಜಿನ ಪ್ರಾಕ್ಟಿಕಲ್‌ಗೆ ಎಂದಾಗ ದೊಡ್ಡಮ್ಮ ಬಾಟಲಿ ಕಿತ್ತುಕೊಂಡು ತಾನೇ ಮೂರು ಸಲ ತೊಳೆದಳು. ಮೊದಲ ಕೊಡದಿಂದ ತುಂಬಿ, ಸೆರಗಿನಿಂದ ಒರೆಸಿ ಕೊಟ್ಟಳು. "ನೋಡ್ತಿರು, ನಮ್ಮ ನೀರಿಗೆ ಒಳ್ಳೆ ಮಾರ್ಕ್ಸ್ ಬರುತ್ತೆ. ಭದ್ರಾವತಿಯೋರು ಕಣ್ಣು ಬಿಡ್ಲಿ."

ಕೆಮಿಸ್ಟ್ರಿ ವಿಭಾಗದವರು ಪರೀಕ್ಷೆ ಮಾಡಿಕೊಟ್ಟರು. ಮೈದಾನದ ಬಾವಿಗಿಂತಲೂ ನಮ್ಮದರಲ್ಲಿ ನೈಟ್ರೇಟ್ ಹೆಚ್ಚಿತ್ತು. ಬಾವಿಯ ಪಕ್ಕದಲ್ಲೇ ಹಿಂದೆ ಕೊಟ್ಟಿಗೆ ಇತ್ತಂತೆ. ಮಕ್ಕಳಿಗೆ ಮನೆಯ ಹಾಲೇ ಆಗಬೇಕೆಂದು ಒಂದು ತಲೆಮಾರು ಪೂರ್ತಿ ಹಸು ಕಟ್ಟಿದ್ದರು. ತಿಪ್ಪೆಯ ಗುಂಡಿ ಮುಚ್ಚಿ ಅದರ ಮೇಲೆ ದೊಡ್ಡಮ್ಮ ಕನಕಾಂಬರ ಬೆಳೆಸಿದ್ದಳು. ಚೆನ್ನಾಗಿ ಬೆಳೆಯುತ್ತಿತ್ತು.

ಆ ಸಂಜೆ ಅಕ್ಕ ನನ್ನನ್ನು ಬಸ್ಸಿಗೆ ಬಿಡಲು ಬಂದವಳು ಸೇತುವೆಯ ಹತ್ತಿರ ನಿಂತಳು. ಕೆಳಗೆ ಭದ್ರೆ ಸಣ್ಣಗೆ ಹರಿಯುತ್ತಿತ್ತು. "ಈ ನೀರು ಬೇಡ ಅಂತ ಅದನ್ನ ತರಿಸ್ಕೊಂಡೆ" ಎಂದಳು. "ಅಮ್ಮ ಇಳಿಸಿದಳು, ಅಪ್ಪ ತಂದ, ನಾನು ಬೆರೆಸಿದೆ."

"ಹೃದಯದ ತೊಂದರೆ ಅಂದಿದ್ರಲ್ಲ ಅಕ್ಕ."

"ಹ್ಞೂಂ. ಇರಬಹುದು." ಸೇತುವೆಯಿಂದ ಮುಂದೆ ನಡೆಯುತ್ತ ಹೇಳಿದಳು, "ಅಮ್ಮನಿಗೆ ಗೊತ್ತಾಗಬಾರದು. ನನಗೆ ಹೇಗೋ ಆಗುತ್ತೆ. ಅವಳಿಗೆ ಆಗಲ್ಲ."

ಬಾವಿಯ ನೀರನ್ನು ದೊಡ್ಡವರು ಕುಡಿಯುವುದನ್ನು ಹೇಗೋ ನಿಲ್ಲಿಸಬಹುದಿತ್ತು. ಆದರೆ ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ ತುಂಬು ಗರ್ಭಿಣಿ ಸುಷ್ಮಾ ಇದ್ದಳು. ಅವಳ ಗಂಡ ಯುವರಾಜ್ ಸವಳಂಗ ರಸ್ತೆಯ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಇಬ್ಬರೂ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ತಮಿಳಿನವರು. ಸುಷ್ಮಾಳ ತಾಯಿ ತೀರಿಹೋಗಿದ್ದರು. ದೊಡ್ಡಮ್ಮ ಅವಳಿಗೆ ಮಾತು ಕೊಟ್ಟಾಗಿತ್ತು, 'ಬಾಣಂತನ ನಂದು.' ಭೂಮಿಕಾಳ ನಂತರ ಅವಳು ಒಪ್ಪಿಕೊಂಡ ಮೊದಲ ಬಾಣಂತನ ಅದು. ಅಟ್ಟದಿಂದ ತಪ್ಪಲೆ ಇಳಿಸಿ ಹುಣಿಸೆಹಣ್ಣು ಹಾಕಿ ತಿಕ್ಕಿದ್ದಳು.

ಅಕ್ಕ ಮೊದಲು ಸುಳ್ಳು ಹೇಳಿ ನೋಡಿದಳು. ಊರಲ್ಲೆಲ್ಲ ಬಾವಿಗಳಿಗೆ ಔಷಧಿ ಹಾಕುತ್ತಿದ್ದಾರಂತೆ, ಸ್ವಲ್ಪ ದಿನ ಕ್ಯಾನ್ ನೀರು ತರಿಸೋಣ ಎಂದಳು. ನೀಲಿ ಕ್ಯಾನು ಬಂತು. ದೊಡ್ಡಮ್ಮ ಒಂದು ಗುಟುಕು ಬಾಯಿಗೆ ಹಾಕಿ ಹಿತ್ತಲಿಗೆ ಹೋಗಿ ಉಗುಳಿದಳು.

"ಇದು ನೀರಾ? ನೀರಿನ ಹೆಣ. ಬಾವಿ ಇಟ್ಕೊಂಡು ಅಂಗಡಿ ನೀರು ಕುಡಿಯೋಕೆ ನಾನೇನು ಬಸ್ ಸ್ಟ್ಯಾಂಡಲ್ಲಿ ಇದ್ದೀನಾ?"

ಸುಷ್ಮಾ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದು ನಗುತ್ತ ಕೂತಿದ್ದಳು. "ಬಿಡಿ ಭವಾನಿ ಮೇಡಂ. ಅಮ್ಮ ಹೇಳಿದ್ ನೀರೇ ನನ್ ಮಗೂಗೂ. ಆಮೇಲೆ ಅದೂ ಎಲ್ಲರ ಮನೆ ನೀರಿಗೆ ಹೆಸರಿಡ್ಲಿ."

ಸುಷ್ಮಾಗೆ ಆಪರೇಷನ್ ಆಗಿ ಗಂಡುಮಗು ಹುಟ್ಟಿತು. ಹಾಲು ಬರುವುದು ತಡವಾಗುತ್ತದೆ, ಅಲ್ಲಿಯವರೆಗೆ ಪುಡಿ ಬೆರೆಸಿ ಕೊಡಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ಅವರು ಮನೆಗೆ ಬಂದ ಬೆಳಿಗ್ಗೆ ನಾನು ಅಕ್ಕನಿಗೆ ಫೋನ್ ಮಾಡಿದೆ. ಅವಳು ಕಾಲೇಜಿಗೆ ರಜೆ ಹಾಕಿ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ತಪ್ಪಲೆ ಒಲೆಯ ಮೇಲಿತ್ತು. ನೀರು ಕುದಿಯುತ್ತಿತ್ತು. ದೊಡ್ಡಮ್ಮ ಆವಿಯ ಮುಂದೆ ನಿಂತು ಗೆರೆ ನೋಡುತ್ತಿದ್ದಳು. ಎಷ್ಟೋ ವರ್ಷಗಳಿಂದ ಅವಳ ಮುಖದಲ್ಲಿ ಅಂಥ ಬೆಳಕು ನಾವು ಕಂಡಿರಲಿಲ್ಲ.

"ಅಮ್ಮ, ಆ ನೀರು ಕೊಡೋದು ಬೇಡ" ಎಂದಳು ಅಕ್ಕ.

"ಮತ್ತೆ ಶುರು ಮಾಡಿದ್ಲು."

"ನೀರು ಕೆಟ್ಟಿದೆ. ಕಾಲೇಜಲ್ಲಿ ಟೆಸ್ಟ್ ಮಾಡಿಸಿದ್ವಿ. ನಿಜವಾಗ್ಲೂ ಕೆಟ್ಟಿದೆ."

ದೊಡ್ಡಮ್ಮ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳಿಗೆ ಸಿಟ್ಟು ಬರಲಿಲ್ಲ. ಜ್ವರದ ಮಗುವಿನ ತಾಯಿಗೆ ಧೈರ್ಯ ಹೇಳುವವಳ ಹಾಗೆ ಹೇಳಿದಳು. "ಕೆಟ್ಟಿದ್ರೇನೇ? ಕಾಯಿಸ್ತಿದ್ದೀನಲ್ಲ. ಒಂದು ಕುದಿ ಅಲ್ಲ, ಅರ್ಧಕ್ಕೆ ಇಳಿಸ್ತೀನಿ. ಇನ್ನೂ ಹೆದ್ರಿಕೆ ಆದ್ರೆ ಕಾಲು ಭಾಗಕ್ಕೆ ಇಳಿಸೋಣ. ಎಂಥ ಕ್ರಿಮಿ ಇದ್ರೂ ಸಾಯ್ಬೇಕು."

ಹೇಳದೆ ಉಳಿಯುವ ದಾರಿ ಅಲ್ಲಿಗೆ ಮುಗಿಯಿತು. ಮೇಲಿನಿಂದ ಮಗು ಅಳುವುದು ಕೇಳುತ್ತಿತ್ತು, ಹಸಿವಿನ ಅಳು. ಅಕ್ಕ ಗೋಡೆಗೆ ಕೈಯಾನಿಸಿಕೊಂಡಳು.

"ಅದು ಕ್ರಿಮಿ ಅಲ್ಲ ಅಮ್ಮ. ಉಪ್ಪಿನ ಥರ, ನೀರಲ್ಲಿ ಕರಗಿರುತ್ತೆ."

"ಕಾಯಿಸಿದ್ರೆ ಹೋಗಲ್ವಾ?"

ಅಕ್ಕ ಒಲೆಯ ಕಡೆ ತಿರುಗಿದಳು.

"ಕೇಳ್ತಿರೋದು ನಿನ್ನೇ. ಕಾಯಿಸಿದ್ರೆ ಹೋಗಲ್ವಾ?"

"ಉಪ್ಪು ಹಾಕಿದ ಸಾರನ್ನ ಅರ್ಧಕ್ಕೆ ಇಳಿಸಿದ್ರೆ ಏನಾಗುತ್ತೆ?" ಅಕ್ಕನ ದನಿ ತರಗತಿಯ ದನಿಯಂತಿತ್ತು. ಬೇರೆ ದನಿಯಲ್ಲಿ ಅದನ್ನು ಕೇಳಲು ಅವಳಿಂದ ಆಗುತ್ತಿರಲಿಲ್ಲ.

"ಉಪ್ಪಾಗುತ್ತೆ" ಎಂದಳು ದೊಡ್ಡಮ್ಮ. ಅಡುಗೆ ಗೊತ್ತಿದ್ದವಳ ಬಾಯಿಂದ ಆ ಮಾತು ತಾನಾಗಿ ಬಂತು. ಬಂದ ಮೇಲೆ ಅವಳಿಗೆ ಅದು ಕೇಳಿಸಿತು.

ಅವಳು ತಪ್ಪಲೆಯನ್ನು ನೋಡಿದಳು. ನೀರು ಗೆರೆಯಿಂದ ಗೆರೆಗೆ ಇಳಿಯುತ್ತಲೇ ಇತ್ತು. ಕೈ ಚಾಚಿ ಒಲೆ ಆರಿಸಿದಳು. ಕುದಿ ಕೂಡಲೇ ನಿಲ್ಲಲಿಲ್ಲ. ಸ್ವಲ್ಪ ಹೊತ್ತು ತಳದಿಂದ ಗುಳ್ಳೆಗಳು ಏಳುತ್ತಿದ್ದವು.

"ಯಾವಾಗಿಂದ?" ಎಂದು ಕೇಳಿದಳು.

"ಗೊತ್ತಿಲ್ಲ ಅಮ್ಮ."

"ಕಂಪ್ಯೂಟರಲ್ಲಿ ವರ್ಷ ವರ್ಷದ್ದೂ ಇರುತ್ತೆ ಅಂತ ಇವಳು ಹೇಳ್ತಿದ್ಲು." ನನ್ನ ಕಡೆ ತಿರುಗಿದಳು. "ನೀನು ಹೇಳೇ. ಆ ವರ್ಷದ್ದೂ ಇದೆಯಾ?"

ನಾನು ಇಲ್ಲ ಎನ್ನಬಹುದಿತ್ತು. ಖಾಲಿ ಇದೆ ದೊಡ್ಡಮ್ಮ, ಯಾರೂ ಹೋಗಿ ನೋಡಿಲ್ಲ, ಎನ್ನಬಹುದಿತ್ತು. ಅದರ ಬದಲು ಅಕ್ಕನ ಮುಖ ನೋಡಿದೆ. ಅಷ್ಟೇ ಅವಳಿಗೆ ಸಾಕಾಯಿತು.

"ಎಲ್ಲರಿಗೂ ಕಾಣೋ ಹಾಗೆ ಹಾಕಿದ್ರಾ?"

"ಹೌದು" ಎಂದಳು ಅಕ್ಕ. "ಆದ್ರೆ ಅದು ಬೇರೆ ಬಾವಿದು ಅಮ್ಮ. ನಮ್ಮ ಬಾವಿ ಆಗ ಹೇಗಿತ್ತೋ ಯಾರಿಗೂ ಗೊತ್ತಿಲ್ಲ. ಡಾಕ್ಟರು ಹೃದಯ ಇರಬಹುದು ಅಂದಿದ್ರು."

"ಹ್ಞೂಂ. ಅವರೂ ಇರಬಹುದು ಅಂತಲೇ ಅಂದಿದ್ದು."

ಅವಳು ಅಳಲಿಲ್ಲ. ಬಟ್ಟೆ ಹಿಡಿದು ತಪ್ಪಲೆ ಇಳಿಸಿ, ಹಿತ್ತಲಿನ ಬಚ್ಚಲಿಗೆ ಹೊಯ್ದು ಬಂದಳು. ನೀಲಿ ಕ್ಯಾನಿನಿಂದ ಬೇರೆ ಪಾತ್ರೆಗೆ ನೀರು ಬಗ್ಗಿಸಿ ನನ್ನ ಕೈಗೆ ಕೊಟ್ಟಳು. "ಒಂದು ಕುದಿ ಬಂದ ಕೂಡ್ಲೆ ಇಳಿಸು. ಜಾಸ್ತಿ ಕಾಯಿಸ್ಬೇಡ. ಮಗು ಅಳ್ತಿದೆ, ಬೇಗ." ತಾನು ಒಲೆಯ ಹತ್ತಿರ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ರಾಟೆಯ ಸದ್ದು ಕೇಳಲಿಲ್ಲ. ದೊಡ್ಡಪ್ಪನಿಗೆ ಅವಳೇ ಹೇಳಿದಳೋ, ಅವನೇ ಅರ್ಥಮಾಡಿಕೊಂಡನೋ ತಿಳಿಯದು. ಅವನು ಸ್ಕೂಟರನ್ನು ಮೂಲೆಗೆ ನಿಲ್ಲಿಸಿ ಅಂಗಡಿಗೆ ನಡೆದೇ ಹೋಗತೊಡಗಿದ. ದೊಡ್ಡಮ್ಮ ಬೀದಿಯ ಮನೆಮನೆಗೆ ಹೋಗಿ ಬಾವಿಯ ನೀರು ಕುಡಿಯಲು ಆಗದು ಎಂದು ಹೇಳಿ ಬಂದಳು. ತನ್ನ ಹಳೆಯ ಮಾತನ್ನು ಮಾತ್ರ ಮತ್ತೆಂದೂ ಆಡಲಿಲ್ಲ. ಯಾರ ಮನೆಯಲ್ಲೂ ನೀರು ಕೇಳಲಿಲ್ಲ. ಕೊಟ್ಟರೆ ಎತ್ತಿ ಗಟಗಟನೆ ಕುಡಿದುಬಿಡುತ್ತಿದ್ದಳು, ನಾಲಿಗೆಗೆ ತಾಗದ ಹಾಗೆ.

ಸುಷ್ಮಾಗೆ ಬಾಣಂತನ ಮಾಡಿದಳು. ಎಣ್ಣೆ ತಿಕ್ಕಿದಳು, ಹೊಗೆ ಹಾಕಿದಳು. ಮಗುವನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ಸುಷ್ಮಾಗೆ ಕಾರಣ ಗೊತ್ತಿರಲಿಲ್ಲ. "ಏನಮ್ಮಾ, ಹೆಣ್ಣಾಗಿದ್ರೆ ಎತ್ಕೋತಿದ್ರಾ?" ಎಂದು ಛೇಡಿಸಿ, ಒಂದು ದಿನ ಸುಮ್ಮನೆ ಮಗುವನ್ನು ಅವಳ ಮಡಿಲಿಗೆ ಹಾಕಿ ಸ್ನಾನಕ್ಕೆ ಹೋಗಿಬಿಟ್ಟಳು. ನಾನು ನೋಡುತ್ತಿದ್ದೆ. ದೊಡ್ಡಮ್ಮ ಮೊದಲು ಅದರ ತುಟಿ ನೋಡಿದಳು. ಆಮೇಲೆ ಮುಷ್ಟಿ ಬಿಡಿಸಿ ಒಂದೊಂದೇ ಉಗುರು ನೋಡಿದಳು. ಎಲ್ಲವೂ ಕೆಂಪಗಿದ್ದವು. ಬಹಳ ಹೊತ್ತು ಆ ಪುಟ್ಟ ಕೈಯನ್ನು ಹಾಗೇ ಹಿಡಿದುಕೊಂಡಿದ್ದಳು.

"ಆ ಕಂಪ್ಯೂಟರಲ್ಲಿ" ಎಂದಳು ನನಗೆ, ತಲೆ ಎತ್ತದೆ. "ನೀರು ಕುಡಿದೋರ ಹೆಸರೂ ಬರೆದಿರ್ತಾರಾ?"

"ಇಲ್ಲ ದೊಡ್ಡಮ್ಮ. ನೀರಿನದ್ದು ಮಾತ್ರ."

"ಒಳ್ಳೇದಾಯ್ತು" ಎಂದಳು. ಆಮೇಲೆ, "ಬರೀಬೇಕಿತ್ತು" ಎಂದಳು.

ಗಂಗೆ ಪೂಜೆಯ ದಿನ ಬಂದಾಗ, ಬಾವಿ ಕೆಟ್ಟಿದೆಯಲ್ಲ, ಕ್ಯಾನಿಗೇ ಕುಂಕುಮ ಹಚ್ಚಿದರಾಯಿತು ಎಂದು ಯುವರಾಜ್ ನಗೆಯಾಡಿದ. ದೊಡ್ಡಮ್ಮ ಒಪ್ಪಲಿಲ್ಲ. "ಗಂಗೆ ಏನು ಮಾಡಿದ್ಲಪ್ಪ? ನಾವು ಸುರಿದದ್ದನ್ನ ಹೊತ್ಕೊಂಡಿದ್ದಾಳೆ." ಎಷ್ಟೋ ದಿನಗಳ ಮೇಲೆ ಕಟ್ಟೆ ತೊಳೆದಳು. ಸುಷ್ಮಾ ಅರಿಸಿನ ಹಚ್ಚಿದಳು, ಕನಕಾಂಬರ ಇಟ್ಟಳು, ಪುಟ್ಟ ಕೊಡ ಇಳಿಬಿಟ್ಟು ಸೇದಿದಳು. ರಾಟೆ ಕಿರುಗುಟ್ಟಿತು. ಸೊಂಟಕ್ಕೆ ಕೊಡವಿಟ್ಟು ಅವಳು ಹಿಂಬಾಗಿಲ ಹೊಸಿಲ ತನಕ ಬಂದಾಗ ದೊಡ್ಡಮ್ಮ ಅಡ್ಡ ನಿಂತಳು. ಕೊಡವನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ತಿರುಗಿ ಹೋಗಿ, ಕನಕಾಂಬರದ ಬುಡಕ್ಕೆ ನಿಧಾನವಾಗಿ ಹೊಯ್ದಳು. ಬರಿಯ ಕೊಡವನ್ನು ಸುಷ್ಮಾಳ ಸೊಂಟಕ್ಕೆ ಮರಳಿ ಇಟ್ಟು, "ಈಗ ಒಳಗೆ ಹೋಗಮ್ಮ" ಎಂದಳು. ಶಾಸ್ತ್ರದಲ್ಲಿ ಬರಿಗೊಡ ಹೊಸಿಲು ದಾಟಬಾರದು. ಸುಷ್ಮಾ ದಾಟಿದಳು.

ಭವಾನಕ್ಕ ಬಾವಿಯ ಪಕ್ಕದಲ್ಲೇ ನಿಂತಿದ್ದಳು. ಅಡುಗೆಮನೆಯ ಆ ಬೆಳಗಿನಿಂದ ತಾಯಿ ಮಗಳ ನಡುವೆ ಊಟ ಆಯಿತಾ, ಬಸ್ಸು ಸಿಕ್ಕಿತಾ ಎಂಬುದರ ಆಚೆ ಮಾತಿರಲಿಲ್ಲ. ಅಕ್ಕ ಬಗ್ಗಿ ರಾಟೆಯಿಂದ ಹಗ್ಗ ಬಿಚ್ಚತೊಡಗಿದಳು. ಒದ್ದೆಯ ಗಂಟು ಬಿಗಿದುಕೊಂಡಿತ್ತು.

"ಉಗುರು ಮುರ್ಕೋತೀಯ, ಇಲ್ಲಿ ಕೊಡು" ಎಂದಳು ದೊಡ್ಡಮ್ಮ.

ಗಂಟು ಅವಳ ಕೈಯಲ್ಲೂ ಬಿಡಲಿಲ್ಲ. ಇಬ್ಬರೂ ಕಟ್ಟೆಯ ಮೇಲೆ ಕೂತು, ಒಬ್ಬಳು ಹಿಡಿದು ಒಬ್ಬಳು ಎಳೆದು, ಅದನ್ನು ಸಡಿಲಿಸಿದರು. ಹಗ್ಗವನ್ನು ಸುತ್ತುವಾಗ 'ನಿನ್ನ ಕೈಲಿ ಆ ನೀರು ಬೆರೆಸೋ ಹಾಗೆ ನಾನೇ ಮಾಡ್ದೆ' ಎಂದು ದೊಡ್ಡಮ್ಮ ಹೇಳಿದ್ದು ನನಗೆ ಕೇಳಿಸಿತು. ಅಕ್ಕ ಅಮ್ಮನ ಒದ್ದೆ ಕೈಯನ್ನು ತನ್ನ ಸೆರಗಿನಲ್ಲಿ ಒರೆಸಿದಳು, ಬೆರಳು ಬೆರಳಾಗಿ.